ಘಟ್ಟ ಹತ್ತುವಾಗ ಕೂಲಂಟ್ 103 ಡಿಗ್ರಿ: ಹಳೆಯ ಬಾಕ್ಸ್‌ಸ್ಟರ್‌ಗೆ ಇದು ಸಹಜವೇ?

ಪ್ರಶ್ನೆ (ಶಿರಸಿಯಿಂದ)

ಕಳೆದ ಮಳೆಗಾಲ ಮುಗಿದ ಮೇಲೆ 2007ರ ಪೋರ್ಷೆ ಬಾಕ್ಸ್‌ಸ್ಟರ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದೇನೆ. ಎಂಜಿನ್ ಕಾದ ಮೇಲೆ, ಕೂಲಂಟಿನ (ಎಂಜಿನ್ ತಣಿಸುವ ದ್ರವ) ಬಿಸಿ ತೋರಿಸುವ ಡ್ಯಾಶ್‌ಬೋರ್ಡಿನ ಮುಳ್ಳು 80ರ ಅಂಕಿಯ ಪಕ್ಕ ನಿಂತುಬಿಡುತ್ತದೆ, ಅಲ್ಲಿಂದ ಅಲುಗಿದ್ದನ್ನು ನಾನು ನೋಡಿಯೇ ಇರಲಿಲ್ಲ. ಮೊನ್ನೆ ಒಬಿಡಿ ಸಾಕೆಟ್ಟಿಗೆ (ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಕಿಂಡಿ) ಸಣ್ಣ ಸ್ಕ್ಯಾನರ್ ಸಿಕ್ಕಿಸಿ ಕುಮಟಾದಿಂದ ಮನೆಗೆ ಹೊರಟಾಗ ಬೇರೆಯೇ ಚಿತ್ರ ಕಂಡಿತು. ಕತಗಾಲದವರೆಗಿನ ಸಮತಟ್ಟು ರಸ್ತೆಯಲ್ಲಿ 60–70 ಕಿಲೋಮೀಟರ್ ವೇಗದಲ್ಲಿ ಫೋನಿನ ಪರದೆ 88ರಿಂದ 91 ಡಿಗ್ರಿ ತೋರಿಸುತ್ತಿತ್ತು. ದೇವಿಮನೆ ಘಟ್ಟದಲ್ಲಿ ಚಿರೆಕಲ್ಲಿನ ಲಾರಿಯೊಂದರ ಹಿಂದೆ ಸಿಕ್ಕಿಬಿದ್ದು ಎಸಿ ಹಾಕಿಕೊಂಡೇ ಎರಡನೆಯ ಗೇರಿನಲ್ಲಿ ತೆವಳುವಾಗ ಅದು 97, 100, ಕೊನೆಗೆ 103ಕ್ಕೆ ಏರಿತು. ಆಗಲೂ ಮುಳ್ಳು ಕೂದಲೆಳೆಯಷ್ಟು ಮಾತ್ರ ಸರಿದಿತ್ತು. ಗಾಬರಿಯಾಗಿ ಘಟ್ಟದ ಮೇಲೆ ಕಾರು ನಿಲ್ಲಿಸಿದೆ. ನೀರು ಸೋರಿಲ್ಲ, ಟ್ಯಾಂಕಿನ ಮಟ್ಟವೂ ಸರಿಯಾಗಿದೆ. ಮುಳ್ಳು, ಸ್ಕ್ಯಾನರ್ ಇವೆರಡರಲ್ಲಿ ಯಾವುದನ್ನು ನಂಬಬೇಕು, ಎಷ್ಟು ಡಿಗ್ರಿಯ ಮೇಲೆ ಹೋದರೆ ಚಿಂತಿಸಬೇಕು ಎಂದು ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ 1 (ಕುಮಟಾದಿಂದ)

ಸ್ಕ್ಯಾನರನ್ನೇ ನಂಬಿ. ಸಣ್ಣಪುಟ್ಟ ಏರಿಳಿತಕ್ಕೆಲ್ಲ ಚಾಲಕ ಹೆದರಬಾರದೆಂದು ಹಲವು ಕಾರುಗಳಲ್ಲಿ ಮುಳ್ಳನ್ನು ಒಂದು ದೊಡ್ಡ ವ್ಯಾಪ್ತಿಯುದ್ದಕ್ಕೂ ಒಂದೇ ಕಡೆ ನಿಲ್ಲುವಂತೆ ಮಾಡಿರುತ್ತಾರೆ. ಅದು ಜಗ್ಗುವ ಹೊತ್ತಿಗೆ ಬಿಸಿ ಸಾಕಷ್ಟು ಏರಿರುತ್ತದೆ. 100 ದಾಟಿತೆಂದರೆ ನೀರು ಕುದಿಯಿತು ಎಂದು ಎಣಿಸಬೇಡಿ. ಅರ್ಧ ಎಥಿಲೀನ್ ಗ್ಲೈಕಾಲ್, ಅರ್ಧ ನೀರಿನ ಮಿಶ್ರಣ ತೆರೆದ ಪಾತ್ರೆಯಲ್ಲೇ ಸುಮಾರು 107 ಡಿಗ್ರಿಯವರೆಗೆ ಕುದಿಯುವುದಿಲ್ಲ. ಕೂಲಂಟ್ ಟ್ಯಾಂಕಿನ ಮುಚ್ಚಳದೊಳಗಿನ ಒತ್ತಡ ಸೇರಿದರೆ ಕುದಿಬಿಂದು 120ನ್ನೂ ದಾಟುತ್ತದೆ. ಅಡುಗೆಮನೆಯ ಕುಕ್ಕರಿನಲ್ಲಿ ನಡೆಯುವುದೂ ಇದೇ. ಹಾಗಾಗಿ ಮುಚ್ಚಳದ ರಬ್ಬರು ಸಡಿಲವಾಗಿ ಒತ್ತಡ ನಿಲ್ಲದಿದ್ದರೆ ಅದೇ 103 ಅಪಾಯದ ಅಂಚಿಗೆ ಬರುತ್ತದೆ. ಮುಚ್ಚಳ ಹಳೆಯದಾಗಿದ್ದರೆ ಮೊದಲು ಅದನ್ನು ಬದಲಿಸಿ, ಮತ್ತು ಎಂಜಿನ್ ಬಿಸಿಯಿರುವಾಗ ಯಾವ ಕಾರಣಕ್ಕೂ ಅದನ್ನು ತಿರುಗಿಸಬೇಡಿ.

ಉತ್ತರ 2 (ಅಂಕೋಲಾದಿಂದ)

ನಮ್ಮ ಸೆಖೆಗೆ ಥರ್ಮೋಸ್ಟ್ಯಾಟೇ (ಬಿಸಿಗೆ ತಕ್ಕಂತೆ ರೇಡಿಯೇಟರಿಗೆ ನೀರು ಬಿಡುವ ಕವಾಟ) ಬೇಡ. ಅರಬೈಲ್ ಘಟ್ಟ ಹತ್ತುವ ಎಷ್ಟೋ ಹಳೆಯ ಗಾಡಿಗಳಲ್ಲಿ ಅದನ್ನು ತೆಗೆದೇ ಓಡಿಸುತ್ತಾರೆ. ನೀವೂ ತೆಗೆಸಿಬಿಡಿ.

ಉತ್ತರ 3 (ಕಾರವಾರದಿಂದ)

ಮೇಲಿನ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಈ ಎಂಜಿನ್ನಿನ ಥರ್ಮೋಸ್ಟ್ಯಾಟ್ 83ರಿಂದ 86 ಡಿಗ್ರಿಯ ಸುಮಾರಿಗೆ ತೆರೆಯಲು ಶುರುಮಾಡುತ್ತದೆ, ಮತ್ತು ತೆರೆಯುತ್ತಿದ್ದಂತೆಯೇ ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲಿ ಸುತ್ತುವ ನೀರಿನ ಹಾದಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ಅಡ್ಡದಾರಿ ಸದಾ ತೆರೆದೇ ಇರುತ್ತದೆ. ತಂಪು ಬೆಳಗಿನಲ್ಲಿ ಎಂಜಿನ್ ಕಾಯುವುದೇ ಇಲ್ಲ, ಘಟ್ಟದಲ್ಲಿ ಮಾತ್ರ ಮೊದಲಿಗಿಂತ ಹೆಚ್ಚು ಕಾಯಬಹುದು.

ನಿಮ್ಮ 103 ಎಂಬ ಅಂಕಿಗಿಂತ ಅದು ಯಾವಾಗ ಏರಿತು, ಎಷ್ಟು ಬೇಗ ಇಳಿಯಿತು ಎಂಬುದು ನನಗೆ ಮುಖ್ಯ. ನಿಧಾನವಾಗಿ ಹೋಗುವಾಗ ಏರಿ, ರಸ್ತೆ ತೆರವಾದೊಡನೆ ಇಳಿದರೆ ಕೊರತೆ ಗಾಳಿಯದು, ಅಂದರೆ ಫ್ಯಾನಿನ ಕಡೆ ನೋಡಬೇಕು. ವೇಗವಾಗಿ ಹೋಗುವಾಗಲೇ ಏರಿ ಅಲ್ಲೇ ನಿಂತರೆ ರೇಡಿಯೇಟರ್ ಕಟ್ಟಿರಬಹುದು, ವಾಟರ್ ಪಂಪು ಸೋತಿರಬಹುದು ಅಥವಾ ಪೈಪುಗಳಲ್ಲಿ ಗಾಳಿ ಉಳಿದಿರಬಹುದು. ಎಂಜಿನ್ ಸೀಟುಗಳ ಹಿಂದೆ, ರೇಡಿಯೇಟರ್‌ಗಳು ಮೂತಿಯ ಎರಡು ಬದಿಗಳಲ್ಲಿ ಇರುವ ಈ ಕಾರಿನಲ್ಲಿ ನೀರು ಇಡೀ ಕಾರಿನ ಉದ್ದಕ್ಕೂ ಹೋಗಿ ಬರಬೇಕು. ಆದ್ದರಿಂದ ಕೂಲಂಟ್ ಬದಲಿಸಿದಾಗ ವ್ಯಾಕ್ಯೂಮ್ ಕಟ್ಟಿ (ಒಳಗಿನ ಗಾಳಿಯನ್ನು ಮೊದಲು ಹೀರಿ ತೆಗೆದು) ತುಂಬಿಸದಿದ್ದರೆ ಒಳಗೆ ಗಾಳಿಗುಳ್ಳೆ ಉಳಿಯುತ್ತದೆ.

ಒಂದು ಪರೀಕ್ಷೆ ಮಾಡಿ. ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿ, ಎಸಿ ಹಾಕಿ, ಎರಡೂ ಬದಿಯ ಫ್ಯಾನುಗಳ ಸದ್ದನ್ನು ಕೇಳಿ. ಎರಡೂ ಕಡಿಮೆ ವೇಗದಲ್ಲಿ ತಿರುಗಬೇಕು. ಕಡಿಮೆ ವೇಗಕ್ಕಾಗಿ ಇರುವ ರೆಸಿಸ್ಟರ್ (ವಿದ್ಯುತ್ ಹರಿವನ್ನು ತಗ್ಗಿಸುವ ಬಿಡಿಭಾಗ) ಸುಟ್ಟುಹೋಗುವುದು ಈ ಮಾದರಿಯ ಹಳೆಯ ಕಾಯಿಲೆ. ಆಗ ಬಿಸಿ 100 ದಾಟಿ ಹೆಚ್ಚಿನ ವೇಗ ಚಾಲೂ ಆಗುವ ತನಕ ಆ ಫ್ಯಾನು ಸುಮ್ಮನಿರುತ್ತದೆ. ಆಮೇಲೆ ಮುಂದಿನ ಬಂಪರ್ ಬಿಚ್ಚಿಸಿ ಎಸಿ ಕಂಡೆನ್ಸರ್ (ಎಸಿಯ ಬಿಸಿ ಹೊರಬಿಡುವ ಜಾಲರಿ) ಮತ್ತು ರೇಡಿಯೇಟರ್ ನಡುವಿನ ಸಂದನ್ನು ನೋಡಿ. ನನ್ನದೇ ಕಾರಿನಲ್ಲಿ ಆ ಸಂದಿನಿಂದ ಬೊಗಸೆ ತುಂಬ ಗಾಳಿಮರದ ಕಡ್ಡಿ ತೆಗೆದಿದ್ದೇನೆ. ಕಡಲ ಉಪ್ಪಿಗೆ ಅದು ಒದ್ದೆಯಾಗಿ, ಹಾಸಿನಂತೆ ಹೆಪ್ಪುಗಟ್ಟಿತ್ತು, ಅದರಡಿಯ ಅಲ್ಯುಮಿನಿಯಂ ರೆಕ್ಕೆಗಳು ಉಗುರು ತಾಗಿಸಿದರೆ ಪುಡಿಯಾಗುತ್ತಿದ್ದವು.

ನನ್ನ ಅಭಿಪ್ರಾಯದಲ್ಲಿ ಓಡುವಾಗ 85ರಿಂದ 95, ಘಟ್ಟದಲ್ಲಿ ಅಥವಾ ಟ್ರಾಫಿಕ್ಕಿನಲ್ಲಿ 100ರ ಆಚೀಚೆ ಹೋಗಿ ಮರಳಿ ಇಳಿಯುವುದು ಆರೋಗ್ಯದ ಲಕ್ಷಣ. 105 ದಾಟಿ ಏರುತ್ತಲೇ ಇದ್ದರೆ ಎಸಿ ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬದಿಗೆ ನಿಲ್ಲಿಸಲು ಜಾಗ ಹುಡುಕಿ.

ಪ್ರಶ್ನೆ ಕೇಳಿದವರಿಂದ (ಹನ್ನೆರಡು ದಿನಗಳ ಬಳಿಕ)

ಎಲ್ಲರಿಗೂ ಕೃತಜ್ಞತೆಗಳು. ಎಸಿ ಹಾಕಿದಾಗ ಬಲಬದಿಯ ಫ್ಯಾನು ಮಾತ್ರ ತಿರುಗುತ್ತಿತ್ತು, ಎಡಬದಿಯದು ಮೌನವಾಗಿತ್ತು. ರೆಸಿಸ್ಟರ್ ಬದಲಿಸಿದೆವು. ಬಂಪರ್ ಬಿಚ್ಚಿದಾಗ ಎರಡೂ ಬದಿಯಲ್ಲಿ ಅಕೇಶಿಯಾ ಎಲೆಗಳು ಪದರಪದರವಾಗಿ ಕೂತಿದ್ದವು. ಹೆಚ್ಚು ಒತ್ತಡದ ನೀರು ಬಿಟ್ಟರೆ ರೆಕ್ಕೆಗಳು ಮಡಚಿಕೊಳ್ಳುತ್ತವೆಂದು ಕೈಯಿಂದಲೂ ಮೆತ್ತನೆಯ ಬ್ರಶ್ಶಿನಿಂದಲೂ ತೆಗೆದೆವು, ಅದಕ್ಕೇ ಒಂದು ಮಧ್ಯಾಹ್ನ ಹಿಡಿಯಿತು. ಮುಚ್ಚಳವನ್ನೂ ಹೊಸದು ಹಾಕಿಸಿದ್ದೇನೆ. ನಿನ್ನೆ ಅದೇ ಹೊತ್ತಿಗೆ, ಎಸಿ ಹಾಕಿಕೊಂಡೇ, ಮತ್ತೆ ಲಾರಿಯೊಂದರ ಹಿಂದೆಯೇ ದೇವಿಮನೆ ಹತ್ತಿದೆ. ಕಂಡ ಅತಿ ಹೆಚ್ಚು ಅಂಕಿ 98, ಘಟ್ಟ ಮುಗಿದು ರಸ್ತೆ ತೆರವಾದ ಎರಡೇ ನಿಮಿಷದಲ್ಲಿ 90ಕ್ಕೆ ಇಳಿಯಿತು. ಮುಳ್ಳು ಎಂದಿನಂತೆ 80ರ ಪಕ್ಕದಲ್ಲೇ ಇತ್ತು.