ಕೋಡಿಂಗ್ ಬೇಡವಂತೆ, ಮಿಕ್ಕಿದ್ದೆಲ್ಲಾ ಬೇಕಂತೆ

ನಮ್ಮ ಹಕ್ಕಿ ನೋಡೋ ಗುಂಪಿಗೆ ಒಂದು ವೆಬ್‌ಸೈಟ್ ಬೇಕು ಅಂತ ತೀರ್ಮಾನ ಆಗಿದ್ದು ಯಾವಾಗ್ಲೋ, ಆದ್ರೆ ಮಾಡೋರು ಯಾರು ಅಂದ ತಕ್ಷಣ ಎಲ್ರೂ ತಲೆ ಎತ್ತಿ ಮರದ ಮೇಲೆ ಹಕ್ಕಿ ಹುಡುಕೋಕೆ ಶುರು ಮಾಡ್ತಿದ್ವಿ. ಗುಂಪಲ್ಲಿ ಕೋಡಿಂಗ್ ಬರೋನು ಸೀನ ಒಬ್ನೇ. ಸ್ನೇಹಿತರಿಗೆ ವೆಬ್‌ಸೈಟ್ ಮಾಡಿಕೊಟ್ರೆ ಜೀವನಪೂರ್ತಿ “ಲೋ, ಆ ಬಟನ್ ಸ್ವಲ್ಪ ಎಡಕ್ಕೆ ಸರಿಸೋ” ಅಂತ ಫೋನ್ ಬರ್ತಾನೇ ಇರತ್ತೆ ಅನ್ನೋದು ಅವನಿಗೆ ಚೆನ್ನಾಗಿ ಗೊತ್ತು, ಅದಕ್ಕೆ ಬಾಯೇ ಬಿಡಲ್ಲ. ಕೊನೆಗೆ ಬಾಯಿ ಬಿಟ್ಟೋನು ಗುಂಡ.

“ಕೋಡಿಂಗೇ ಬೇಡ ಕಣ್ರೋ! ಸಿಎಂಎಸ್, ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಂ ಅಂತ ಇದೆ. ವರ್ಡ್‌ಪ್ರೆಸ್ ಹಾಕ್ಕೊಂಡ್ರೆ ಮುಗೀತು. ಐದು ನಿಮಿಷದ ಇನ್‌ಸ್ಟಾಲ್ ಅಂತ ಅವರೇ ಹೇಳ್ಕೊಂಡಿದಾರೆ.”

“ಇನ್‌ಸ್ಟಾಲ್‌ಗೆ ಐದು ನಿಮಿಷ ಅಂದಿದಾರೆ ಗುಂಡ, ವೆಬ್‌ಸೈಟ್‌ಗೆ ಐದು ನಿಮಿಷ ಅಂದಿಲ್ಲ” ಅಂದ್ಲು ಲಲ್ಲಿ. ಅವಳು ಆಫೀಸಲ್ಲಿ ಇಂಥದ್ದನ್ನ ಸಂಭಾಳಿಸಿ ಸಾಕಾಗಿ ಹೋಗಿರೋಳು, ಅವಳ ಮಾತಲ್ಲಿ ಯಾವಾಗ್ಲೂ ಒಂದು ನಿಟ್ಟುಸಿರು ಇರತ್ತೆ.

ಮೇಷ್ಟ್ರು ಬೈನಾಕ್ಯುಲರ್ ಕೆಳಗಿಟ್ರು. “ಅಲ್ಲಯ್ಯಾ, ಸಿಎಂಎಸ್ ಅಂದ್ರೆ ಏನು ಅಂತ ಮೊದ್ಲು ಹೇಳು. ನಂಗೆ ಗೊತ್ತಿರೋದು ಎಸ್‌ಎಂಎಸ್ ಒಂದೇ.”

ಗುಂಡ “ಅದು... ಅಂದ್ರೆ... ಎಲ್ಲಾ ತಾನೇ ಆಗತ್ತೆ ಮೇಷ್ಟ್ರೇ” ಅಂದ. ಲಲ್ಲಿ ತಡ್ಕೊಳೋಕೆ ಆಗ್ದೆ ಶುರು ಮಾಡಿದ್ಲು: “ನೀವು ಬರೆದಿದ್ದು ಒಂದು ಕಡೆ ಇರತ್ತೆ, ಅದು ಹೇಗೆ ಕಾಣ್ಬೇಕು ಅನ್ನೋದು ಇನ್ನೊಂದು ಕಡೆ ಇರತ್ತೆ ಮೇಷ್ಟ್ರೇ. ಬರಹ ಎಲ್ಲಾ ಡೇಟಾಬೇಸಲ್ಲಿ. ಯಾರೋ ಬಂದು ಪೇಜ್ ತೆಗೆದ್ರು ಅಂದ್ಕೊಳಿ, ಆಗ ಪಿಎಚ್‌ಪಿಲಿ ಬರೆದಿರೋ ಪ್ರೋಗ್ರಾಂ ಡೇಟಾಬೇಸಿಂದ ನಿಮ್ಮ ಬರಹ ತೆಗೆದು, ಥೀಮ್ ಹೇಳಿದ ಥರ ಜೋಡಿಸಿ, ಬ್ರೌಸರ್ ಓದೋ ಎಚ್‌ಟಿಎಂಎಲ್ ಭಾಷೆಗೆ ತಂದು ಅವರಿಗೆ ಕಳಿಸತ್ತೆ. ನಾಳೆ ಥೀಮ್ ಬದಲಾಯಿಸಿದ್ರೂ ಬರಹ ಎಲ್ಲೂ ಹೋಗಲ್ಲ, ನೋಟ ಮಾತ್ರ ಬದಲಾಗತ್ತೆ.”

“ಓ, ಬೊಂಬೆಗೆ ಬಟ್ಟೆ ಬದಲಾಯಿಸಿದ ಹಾಗೆ.”

“ಅದೇ. ಆದ್ರೆ ನಮ್ಮ ಗುಂಡ ಹನ್ನೆರಡು ಜೊತೆ ಬಟ್ಟೆ ತಂದಿದಾನೆ, ಬೊಂಬೆ ಇನ್ನೂ ಬಂದಿಲ್ಲ.”

ಇದು ನಿಜ. ಅವನು ಆಗ್ಲೇ ಥೀಮ್ ನೋಡೋಕೆ ಶುರು ಮಾಡಿದ್ದ. ಥೀಮ್ ನೋಡೋದು ಒಂದು ವ್ಯಸನ, ಇದನ್ನ ಯಾರೂ ಒಪ್ಕೊಳಲ್ಲ. ಡೆಮೋದಲ್ಲಿ ಬೆಟ್ಟದ ತುದಿ, ಸೂರ್ಯೋದಯ, ಲ್ಯಾಪ್‌ಟಾಪ್ ನೋಡಿ ಕಾರಣವೇ ಇಲ್ದೆ ನಗೋ ಹುಡುಗಿ, ದೊಡ್ಡ ಅಕ್ಷರದಲ್ಲಿ ಏನೋ ಒಂದು ಸ್ಫೂರ್ತಿ ವಾಕ್ಯ. ಆಸೆಯಿಂದ ಹಾಕ್ಕೊಂಡ್ರೆ ನಮ್ಮ ಸೈಟಲ್ಲಿ ಬೆಟ್ಟನೂ ಇಲ್ಲ ಹುಡುಗಿನೂ ಇಲ್ಲ, ಬೂದು ಬಣ್ಣದ ಖಾಲಿ ಚೌಕ ಒಂದು, ಅದರ ಕೆಳಗೆ “ಲೋರೆಂ ಇಪ್ಸಂ ಡೋಲೋರ್ ಸಿಟ್ ಅಮೆಟ್”. ಮೇಷ್ಟ್ರು ಅದನ್ನ ಗಟ್ಟಿಯಾಗಿ, ಭಕ್ತಿಯಿಂದ ಓದಿದ್ರು. ಯಾವ ಭಾಷೆ ಅಂತ ಕೇಳಿದ್ರು. ಎರಡು ಸಾವಿರ ವರ್ಷದ ಹಿಂದಿನ ಲ್ಯಾಟಿನ್ ಬರಹನ ಕತ್ತರಿಸಿ ಕಲಸಿರೋದು, ಅರ್ಥ ಇಲ್ಲ, ಜಾಗ ತುಂಬೋಕೆ ಹಾಕ್ತಾರೆ ಅಂದ್ಲು ಲಲ್ಲಿ. “ಜಾಗ ತುಂಬೋಕೆ ಅರ್ಥ ಇಲ್ಲದ್ದು ಬೇಕಾದ್ರೆ ನಮ್ಮ ಗುಂಪಿನ ಮೀಟಿಂಗ್ ವರದಿ ಇತ್ತಲ್ಲಮ್ಮ” ಅಂದ್ರು ಮೇಷ್ಟ್ರು. ಕಾರ್ಯದರ್ಶಿ ನಾನು, ಮಾತಾಡ್ಲಿಲ್ಲ.

ಸೀನ ಇಷ್ಟು ಹೊತ್ತೂ ಸುಮ್ನಿದ್ದೋನು ಈಗ ಕೆರಳಿದ. “ಕೋಡ್ ಇಲ್ದೆ ಅಂತೆ, ಕೋಡ್ ಇಲ್ದೆ! ನೀವು ಬರೆಯಲ್ಲ ಅಷ್ಟೇ ಕಣೋ, ಬೇರೆ ಯಾರೋ ರಾತ್ರಿ ನಿದ್ದೆ ಕೆಟ್ಟು ಬರೆದಿರ್ತಾರೆ. 2003ರಲ್ಲಿ ಆ ಮ್ಯಾಟ್ ಮುಲ್ಲೆನ್‌ವೆಗ್‌ಗೆ 19 ವರ್ಷ. ಅವನು ಬಳಸ್ತಿದ್ದ ಬಿ2 ಅನ್ನೋ ಬ್ಲಾಗ್ ಸಾಫ್ಟ್‌ವೇರ್‌ನ ನೋಡ್ಕೊಳೋರೇ ಇಲ್ದಂಗೆ ಆಗಿತ್ತು. ಅವನು, ಮೈಕ್ ಲಿಟಲ್ ಅನ್ನೋರು ಇಬ್ರೂ ಸೇರಿ ಅದರ ಕೋಡ್ ಎತ್ಕೊಂಡು ಮುಂದುವರಿಸಿದ್ದೇ ವರ್ಡ್‌ಪ್ರೆಸ್. ಕೋಡೇ ಕಾವ್ಯ ಅನ್ನೋದು ಅವರ ಘೋಷವಾಕ್ಯ ಗೊತ್ತಾ? ನೀನು ಕೋಡೇ ಬೇಡ ಅಂತಿದೀಯ.”

“ಹಾಗಾದ್ರೆ ನಾನು ಕಾವ್ಯ ಓದಲ್ಲ, ಹಾಡು ಕೇಳ್ತೀನಿ” ಅಂದ ಗುಂಡ. ಅವನೂ ಏನೇನೋ ಓದ್ಕೊಂಡು ಬಂದಿದ್ದ. “ಅಲ್ಲಾ ಸೀನ, ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ 1990ರಲ್ಲಿ ಮಾಡಿದ ಮೊಟ್ಟಮೊದಲ ಬ್ರೌಸರ್ ಇತ್ತಲ್ಲ, ಅದರಲ್ಲೇ ಪೇಜ್ ಬರೆಯೋಕೂ ಆಗ್ತಿತ್ತು, ಓದೋಕೂ ಆಗ್ತಿತ್ತು. ಹೆಂಗೆ? ವೆಬ್ ಹುಟ್ಟಿದ್ದೇ ಹಂಗೆ. ಮಧ್ಯದಲ್ಲಿ ನಿಮ್ಮಂಥೋರು ಬಂದು ಎಚ್‌ಟಿಎಂಎಲ್‌ನ ಆಂಗಲ್ ಬ್ರಾಕೆಟ್ ಹಾಕಿ ಬೇಲಿ ಕಟ್ಕೊಂಡ್ರಿ.”

ಸೀನಂಗೆ ಇದಕ್ಕೆ ತಕ್ಷಣ ಉತ್ತರ ಹೊಳೀಲಿಲ್ಲ. ಅದು ನೆಕ್ಸ್ಟ್ ಅನ್ನೋ ಕಂಪನಿ ಕಂಪ್ಯೂಟರಲ್ಲಿ ಮಾತ್ರ ಓಡ್ತಿತ್ತು, ಆಮೇಲೆ ಜನ ಮುಗಿಬಿದ್ದಿದ್ದು 1993ರ ಮೊಸಾಯಿಕ್ ಬ್ರೌಸರ್‌ಗೆ, ಅದರಲ್ಲಿ ಪೇಜ್ ಬರೆಯೋಕೆ ಆಗ್ತಿರ್ಲಿಲ್ಲ ಅಂತೆಲ್ಲ ಗೊಣಗಿದ. ಆಮೇಲೆ, ಹಾಕೋದೇ ಆದ್ರೆ ಡ್ರುಪಾಲ್ ಹಾಕಿ, ಅದೂ ಸಿಎಂಎಸ್ಸೇ, 2001ರಿಂದ ಇದೆ, ಗಂಭೀರವಾದ ಕೆಲಸಕ್ಕೆ ಅದೇ ಸರಿ ಅಂದ. ನಮ್ಮ ಗುಂಪಲ್ಲಿ ಗಂಭೀರವಾದ ಕೆಲಸ ಯಾವ್ದು ಅಂತ ಯಾರಿಗೂ ಗೊತ್ತಾಗ್ಲಿಲ್ಲ, ಹಾಗಾಗಿ ಡ್ರುಪಾಲ್ ಅಲ್ಲಿಗೇ ಬಿತ್ತು. ಜೂಮ್ಲಾ ಅನ್ನೋ ಇನ್ನೊಂದು ಸಿಎಂಎಸ್ ಹೆಸರು ಯಾರೋ ತೆಗೆದ್ರು, ಯಾರೂ ಎತ್ಕೊಳಲಿಲ್ಲ.

ಮೇಷ್ಟ್ರಿಗೆ ಇನ್ನೊಂದು ಗೊಂದಲ. ಅವರು ಮನೇಲಿ ಕೂತು ವರ್ಡ್‌ಪ್ರೆಸ್ ಡಾಟ್ ಕಾಂ ಅಂತ ತೆಗೆದು ಅಕೌಂಟ್ ಮಾಡ್ಕೊಂಡಿದ್ರು, ಗುಂಡ ನೋಡಿದ್ರೆ ಡಾಟ್ ಆರ್ಗ್‌ನಿಂದ ತಂದು ಬೇರೆ ಹೋಸ್ಟಿಂಗಲ್ಲಿ, ಅಂದ್ರೆ ಬಾಡಿಗೆ ಸರ್ವರಲ್ಲಿ, ಹಾಕಿದ್ದ. “ಡಾಟ್ ಕಾಂ ಅಂದ್ರೆ ಅವರೇ ಸರ್ವರ್ ನೋಡ್ಕೋತಾರೆ, ಅವರ ನಿಯಮಕ್ಕೆ ನಾವು ಒಗ್ಗಬೇಕು. ಡಾಟ್ ಆರ್ಗ್ ಅಂದ್ರೆ ಸಾಫ್ಟ್‌ವೇರ್ ಪುಕ್ಕಟೆ, ಡೊಮೇನು, ಹೋಸ್ಟಿಂಗು, ಅಪ್‌ಡೇಟು, ಬ್ಯಾಕಪ್ಪು ಎಲ್ಲಾ ನಮ್ಮ ತಲೆ ಮೇಲೆ” ಅಂದ್ಲು ಲಲ್ಲಿ. ಹೀಗೆ ಒಂದೂ ವೆಬ್‌ಸೈಟ್ ಇಲ್ಲದ ಗುಂಪಿಗೆ ಎರಡು ವೆಬ್‌ಸೈಟ್ ಆದವು, ಎರಡರಲ್ಲೂ ಒಂದೇ ಬರಹ, ಹೊಸ ಸೈಟಿಗೆ ತಾನೇ ಬರೋ “ಹಲೋ ವರ್ಲ್ಡ್”.

ಮುಂದಿನ ಸಲ ಸೇರೋ ಹೊತ್ತಿಗೆ ಗುಂಡ ಪ್ಲಗಿನ್ ಲೋಕಕ್ಕೆ ಕಾಲಿಟ್ಟಿದ್ದ. ಪ್ಲಗಿನ್ ಅಂದ್ರೆ ಸೈಟಿಗೆ ಹೊಸ ಹೊಸ ಸೌಲಭ್ಯ ಸೇರಿಸೋ ಪುಟ್ಟ ಪ್ರೋಗ್ರಾಂ. ವರ್ಡ್‌ಪ್ರೆಸ್ಸಿನ ಉಚಿತ ಪಟ್ಟಿಲೇ ಐವತ್ತು ಸಾವಿರಕ್ಕೂ ಹೆಚ್ಚು ಪ್ಲಗಿನ್ ಇದಾವೆ, ಗುಂಡ ಆದಷ್ಟೂ ನ್ಯಾಯ ಒದಗಿಸೋ ಪ್ರಯತ್ನ ಮಾಡಿದ್ದ. ಫೋಟೋ ಒಂದಾದ ಮೇಲೊಂದು ಸರಿಸೋ ಸ್ಲೈಡರ್. ಪಾಪಪ್. ಎಷ್ಟು ಜನ ಬಂದ್ರು ಅಂತ ತೋರಿಸೋ ಕೌಂಟರ್, ಅದರಲ್ಲಿ ಬಂದೋರೆಲ್ಲಾ ಗುಂಡನೇ. ಪೇಜ್ ತುಂಬಾ ಹಿಮ ಉದುರಿಸೋದು ಒಂದು. ಆನ್‌ಲೈನಲ್ಲಿ ವಸ್ತು ಮಾರೋದು ಒಂದು, ನಾವು ಮಾರೋದು ಏನೂ ಇಲ್ಲ. ಬ್ಯಾಕಪ್‌ಗೆ ಮೂರು ಪ್ಲಗಿನ್, ಮೂರೂ ಬ್ಯಾಕಪ್‌ನ ಅದೇ ಸರ್ವರಲ್ಲೇ ಇಡ್ತಿದ್ವು. ಸೆಕ್ಯುರಿಟಿಗೆ ಎರಡು. ಅದರಲ್ಲಿ ಒಂದು ಲಾಗಿನ್ ಪೇಜಿನ ವಿಳಾಸ ಬಚ್ಚಿಟ್ಟಿತು, ಇನ್ನೊಂದು, ವಿಳಾಸ ತಪ್ಪು ಹಾಕಿ ಪದೇ ಪದೇ ಹುಡುಕ್ತಿದ್ದ ಗುಂಡನನ್ನೇ ಕಳ್ಳ ಅಂತ ಹೊರಗೆ ಹಾಕಿತು.

“ಅದು ಕೆಲಸ ಮಾಡ್ತಿದೆ ಅಂತ ಆಯ್ತಲ್ಲ” ಅಂದ ಸೀನ, ಬಹಳ ದಿನದ ಮೇಲೆ ನಕ್ಕ.

ಹೇಗೋ ಒಳಗೆ ಹೋಗಿ ಇನ್ನೂ ಒಂದೆರಡು ಹಾಕಿದ ಮೇಲೆ ಒಂದಕ್ಕೊಂದು ಆಗಿಬರದೆ ಇಡೀ ಸೈಟ್ ಮಲಗ್ತು. ಗಂಭೀರ ದೋಷ ಉಂಟಾಗಿದೆ ಅಂತ ಒಂದೇ ಒಂದು ಸಾಲು, ಸುತ್ತ ಬಿಳಿ. ಮೊದಲೆಲ್ಲ ಆ ಸಾಲೂ ಬರ್ತಿರ್ಲಿಲ್ಲವಂತೆ, ಬರೀ ಬಿಳಿ. 2019ರ 5.2 ಆವೃತ್ತಿಯಿಂದ ಯಾವ ಪ್ಲಗಿನ್ ಎಡವಟ್ಟು ಮಾಡಿದೆ ಅಂತ ಅಡ್ಮಿನ್ ಇಮೇಲ್‌ಗೆ ಪತ್ರ ಬರತ್ತೆ, ಅದರಲ್ಲಿರೋ ಲಿಂಕ್ ಒತ್ತಿದ್ರೆ ರಿಕವರಿ ಮೋಡಲ್ಲಿ ಒಳಗೆ ಹೋಗಿ ಅದೊಂದನ್ನ ನಿಲ್ಲಿಸಬಹುದು.

“ಅಡ್ಮಿನ್ ಇಮೇಲ್ ಯಾವ್ದು ಕೊಟ್ಟಿದೀಯ?” ಅಂತ ಲಲ್ಲಿ ಕೇಳಿದ್ಲು.

“ಕಾಲೇಜಲ್ಲಿದ್ದಾಗ ಮಾಡಿದ್ದು. ಪಾಸ್‌ವರ್ಡ್ ನೆನಪಿಲ್ಲ.”

ಆಗ ಸೀನ ಎದ್ದ. ಸರ್ವರಿನ ಫೈಲುಗಳನ್ನ ನೇರ ಮುಟ್ಟೋಕೆ ಬಿಡೋ ಎಫ್‌ಟಿಪಿಲಿ ಒಳಗೆ ಹೋಗಿ ಪ್ಲಗಿನ್ ಫೋಲ್ಡರ್ ಹೆಸರು ಬದಲಾಯಿಸಿದ. ವರ್ಡ್‌ಪ್ರೆಸ್ ಹುಡುಕಿ ಹುಡುಕಿ ಪ್ಲಗಿನ್ ಸಿಗ್ದೆ ಎಲ್ಲಾನೂ ತಾನೇ ಆಫ್ ಮಾಡ್ಕೊಂಡಿತು, ಸೈಟ್ ಎದ್ದು ಕೂತ್ಕೊಂಡ್ತು. “ನೋಡ್ದಾ, ಒಂದು ಅಕ್ಷರ ಕೋಡ್ ಬರೀಲಿಲ್ಲ” ಅಂತ ಗುಂಡ ಸೀನನ ಬೆನ್ನು ತಟ್ಟಿದ. ಸೀನ ಅದನ್ನ ಹೊಗಳಿಕೆ ಅಂತ ತಗೊಂಡ ಹಾಗೆ ಕಾಣ್ಲಿಲ್ಲ.

ಇಲ್ಲಿಂದ ಅಧಿಕಾರ ಹಂಚಿಕೆ. ಇದು ಯಾವ ರಾಜ್ಯಶಾಸ್ತ್ರಕ್ಕೂ ಕಮ್ಮಿ ಇಲ್ಲ. ವರ್ಡ್‌ಪ್ರೆಸ್ಸಲ್ಲಿ ಅಡ್ಮಿನಿಸ್ಟ್ರೇಟರ್, ಎಡಿಟರ್, ಆಥರ್, ಕಾಂಟ್ರಿಬ್ಯೂಟರ್, ಸಬ್‌ಸ್ಕ್ರೈಬರ್ ಅಂತ ಐದು ದರ್ಜೆ. ಎಲ್ಲರಿಗೂ ಅಡ್ಮಿನ್ನೇ ಬೇಕು, ಅಡ್ಮಿನ್ ಆಗಿ ಏನ್ಮಾಡ್ತೀರಿ ಅಂದ್ರೆ ಯಾರ ಹತ್ರನೂ ಉತ್ತರ ಇಲ್ಲ. ಗುಂಡ ಮೇಷ್ಟ್ರನ್ನ ಕಾಂಟ್ರಿಬ್ಯೂಟರ್ ಮಾಡಿದ್ದ. ಹೆಸರು ಗೌರವವಾಗಿ ಕೇಳಿಸ್ತಂತೆ.

“ಇದೇನಯ್ಯಾ, ಪಬ್ಲಿಷ್ ಬಟನ್ ಇರಬೇಕಾದ ಕಡೆ ‘ಪರಿಶೀಲನೆಗೆ ಸಲ್ಲಿಸಿ’ ಅಂತ ಬರ್ತಿದೆ? ಮೂವತ್ತು ವರ್ಷ ನಿಮ್ಮಂಥೋರ ಉತ್ತರಪತ್ರಿಕೆ ತಿದ್ದಿದೀನಿ, ನನ್ನ ಬರಹ ನೀನು ಪರಿಶೀಲನೆ ಮಾಡ್ತೀಯಾ? ಹೋಗ್ಲಿ, ಫೋಟೋನೂ ಹಾಕೋಕೆ ಬಿಡ್ತಿಲ್ಲ.”

ಕಾಂಟ್ರಿಬ್ಯೂಟರ್‌ಗೆ ಪ್ರಕಟಿಸೋಕೂ ಆಗಲ್ಲ, ಫೋಟೋ ಅಪ್‌ಲೋಡ್ ಮಾಡೋಕೂ ಆಗಲ್ಲ. ಇಡೀ ಗುಂಪಲ್ಲಿ ಫೋಟೋ ಇರೋದು ಮೇಷ್ಟ್ರ ಹತ್ರ ಮಾತ್ರ. ತಕ್ಷಣ ಅವರಿಗೆ ಎಡಿಟರ್ ಪಟ್ಟ ಕಟ್ಟಿದ್ವಿ, ಆಥರ್ ಆಗಿದ್ರೂ ಸಾಕಿತ್ತು, ಆದ್ರೆ ಕೋಪ ಇಳಿಬೇಕಿತ್ತಲ್ಲ.

ಇಳಿದ ಮೇಲೆ ಫೋಟೋ ಬಂತು. ಕ್ಯಾಮೆರಾದಿಂದ ನೇರವಾಗಿ, ಒಂದೊಂದೂ ಆರು ಸಾವಿರ ಪಿಕ್ಸೆಲ್ ಅಗಲ. ಈಗಿನ ವರ್ಡ್‌ಪ್ರೆಸ್ 2560 ಪಿಕ್ಸೆಲ್‌ಗಿಂತ ದೊಡ್ಡದು ಬಂದ್ರೆ ತಾನೇ ಕುಗ್ಗಿಸತ್ತೆ, ಅದರ ಜೊತೆ ಇನ್ನೂ ಚಿಕ್ಕ ಚಿಕ್ಕ ಪ್ರತಿಗಳನ್ನೂ ಮಾಡಿಡತ್ತೆ, ಮೂಲನೂ ಸರ್ವರಲ್ಲೇ ಉಳಿಯತ್ತೆ. ಒಂದು ಕೊಂಬೆ ಮೇಲೆ ಕೂತಿದ್ದ ಹಕ್ಕಿ ಹೀಗೆ ಏಳೆಂಟು ಕಡೆ ಕೂತು ಹೋಸ್ಟಿಂಗ್ ಜಾಗನೆಲ್ಲ ನುಂಗ್ತು. ಫೋಟೋಗೆ ಆಲ್ಟ್ ಟೆಕ್ಸ್ಟ್ ಬರೀರಿ ಮೇಷ್ಟ್ರೇ, ಕಣ್ಣು ಕಾಣದೋರ ಸ್ಕ್ರೀನ್ ರೀಡರ್ ಅದನ್ನೇ ಓದೋದು ಅಂತ ಲಲ್ಲಿ ಹೇಳಿದ್ದಕ್ಕೆ ಅವರು ಪ್ರತಿ ಫೋಟೋಗೂ ಒಂದೊಂದು ಪ್ರಬಂಧ ಬರೆದ್ರು, ಹಕ್ಕಿಯ ಮನಸ್ಥಿತಿ ಸಮೇತ. ಇಡೀ ಸೈಟಲ್ಲಿ ಅಲ್ಲಿಯವರೆಗೆ ನಿಜವಾಗ್ಲೂ ಚೆನ್ನಾಗಿದ್ದ ಬರಹ ಅದೊಂದೇ, ಮತ್ತೆ ಅದು ನೋಡೋರಿಗೆ ಕಾಣದ ಜಾಗದಲ್ಲಿತ್ತು.

ಮೊದಲ ಲೇಖನ ಬಂತು: “ಮಡಿವಾಳ ಹಕ್ಕಿಯ ಬೆಳಗಿನ ಹಾಡು ಮತ್ತು ಅದು ಗೂಡು ಕಟ್ಟುವ ಕ್ರಮ”. ಪಬ್ಲಿಷ್ ಒತ್ತಿ, ಲಿಂಕ್ ಕಾಪಿ ಮಾಡಿ ಗುಂಪಿಗೆ ಕಳಿಸಿದ್ರು. ಬಂದಿದ್ದು ಪರ್ಸೆಂಟ್ ಇ0 ಪರ್ಸೆಂಟ್ ಬಿ2 ಪರ್ಸೆಂಟ್ ಎಇ ಅಂತ ಶುರುವಾಗಿ ಫೋನ್ ಪರದೆ ತುಂಬ ಹರಿದು ಹೋಗೋ ಒಂದು ಹೊಳೆ. ಯಾರೋ ಮೇಷ್ಟ್ರ ಫೋನ್ ಹ್ಯಾಕ್ ಮಾಡಿದ್ರು ಅಂತ ಒಬ್ಬರು ಗುಂಪೇ ಬಿಟ್ರು.

ಸೀನನ ಕಣ್ಣು ಮಿಂಚಿದ್ದು ಆವಾಗ. “ಅದು ಹ್ಯಾಕ್ ಅಲ್ಲ ಮೇಷ್ಟ್ರೇ. ವೆಬ್ ವಿಳಾಸದಲ್ಲಿ ಕನ್ನಡದ ಒಂದೊಂದು ಅಕ್ಷರ ಚಿಹ್ನೆನೂ ಮೂರು ಬೈಟು, ಒಂದೊಂದು ಬೈಟಿಗೂ ಪರ್ಸೆಂಟ್ ಸೇರಿ ಮೂರು ಕ್ಯಾರೆಕ್ಟರು. ಒಟ್ಟು ಒಂಬತ್ತು. ಕೊಂಬು, ಗುಡಿಸು, ಒತ್ತು ಹಾಕೋ ವಿರಾಮ, ಎಲ್ಲದಕ್ಕೂ ಬೇರೆ ಬೇರೆ ಒಂಬತ್ತು. ವರ್ಡ್‌ಪ್ರೆಸ್ ಶೀರ್ಷಿಕೆಯಿಂದ ಮಾಡ್ಕೊಳೋ ಈ ವಿಳಾಸದ ತುಂಡಿಗೆ ಇನ್ನೂರು ಕ್ಯಾರೆಕ್ಟರ್ ಮಿತಿ. ಇನ್ನೂರನ್ನ ಒಂಬತ್ತರಿಂದ ಭಾಗಿಸಿ ನೋಡಿ.”

“ಇಪ್ಪತ್ತೆರಡು ಚಿಲ್ಲರೆ.”

“ಅಷ್ಟೇ ನಿಮಗೆ ಮಂಜೂರು. ಮಧ್ಯದ ಗೆರೆಗಳನ್ನೂ ಲೆಕ್ಕ ಹಾಕಿದ್ರೆ ನಿಮ್ಮ ವಿಳಾಸ ‘ಮಡಿವಾಳ ಹಕ್ಕಿಯ ಬೆಳಗಿನ ಹಾಡ’ ಅನ್ನೋ ಹೊತ್ತಿಗೆ ಕಟ್ ಆಗಿದೆ. ಹಾಡಿನ ಕೊಂಬೂ ಹೋಯ್ತು, ಗೂಡೂ ಹೋಯ್ತು.”

“ಗೂಡು ಕಟ್ಟೋದೇ ಲೇಖನದ ಮುಖ್ಯ ಭಾಗ ಕಣಯ್ಯ!”

ಪ್ರಕಟಿಸೋ ಮುಂಚೆ ಪಕ್ಕದಲ್ಲಿರೋ ಪರ್ಮಾಲಿಂಕ್ ಡಬ್ಬದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಮಡಿವಾಳ ಅಂತ ಟೈಪ್ ಮಾಡಿದ್ರೆ ಈ ತಾಪತ್ರಯ ಇಲ್ಲ, ಶೀರ್ಷಿಕೆ ಕನ್ನಡದಲ್ಲೇ ಉದ್ದಕ್ಕೆ ಇರಬಹುದು. ಲಲ್ಲಿ ಅದನ್ನ ಸರಿ ಮಾಡ್ತಾ ಮಾಡ್ತಾ ಸೆಟ್ಟಿಂಗ್ಸ್ ಒಳಗೆಲ್ಲ ಒಂದು ಸುತ್ತು ಹಾಕಿ ಬಂದ್ಲು, ಬಂದವಳು ಗುಂಡನ್ನ ಸುಮ್ನೆ ನೋಡ್ತಾ ಕೂತಳು. ಗೂಗಲ್ಲಲ್ಲಿ ನಮ್ಮ ಸೈಟ್ ಯಾಕೆ ಬರ್ತಿಲ್ಲ ಅಂತ ಅವನು ಎಸ್‌ಇಓ, ಅಂದ್ರೆ ಹುಡುಕಾಟದಲ್ಲಿ ಸೈಟ್ ಮೇಲೆ ಬರಿಸೋ, ಪ್ಲಗಿನ್ ಮೇಲೆ ಪ್ಲಗಿನ್ ಹಾಕಿ ಒದ್ದಾಡ್ತಿದ್ದ. ‘ರೀಡಿಂಗ್’ ಸೆಟ್ಟಿಂಗಲ್ಲಿ ಸರ್ಚ್ ಎಂಜಿನ್‌ಗಳು ಈ ಸೈಟ್ ಕಡೆ ಬರದ ಹಾಗೆ ಹೇಳೋ ಒಂದು ಪುಟ್ಟ ಚೌಕ ಇದೆ, ಅದಕ್ಕೆ ಇನ್‌ಸ್ಟಾಲ್ ಮಾಡೋವಾಗ್ಲೇ ಟಿಕ್ ಬಿದ್ದಿತ್ತು.

“ಟಿಕ್ ಇದ್ರೆ ಒಳ್ಳೇದು ಅಂದ್ಕೊಂಡೆ” ಅಂದ ಗುಂಡ.

ಟಿಕ್ ತೆಗೆದ್ವಿ. ಸ್ವಲ್ಪ ದಿನಕ್ಕೆ ಮೇಷ್ಟ್ರ ಲೇಖನಕ್ಕೆ ಮೊದಲನೇ ಕಾಮೆಂಟ್ ಬಂತು. ಯಾವುದೋ ದೂರದ ದೇಶದ ಹೆಸರು. “ಅದ್ಭುತ ಬರಹ. ಈ ವಿಷಯದ ಬಗ್ಗೆ ಇಷ್ಟು ಆಳವಾಗಿ ಬರೆದೋರನ್ನ ನಾನು ನೋಡಿಲ್ಲ. ದಯವಿಟ್ಟು ಮುಂದುವರಿಸಿ” ಅಂತ ಇಂಗ್ಲಿಷಲ್ಲಿ ಬರೆದು, ಹೆಸರಿನ ಹಿಂದೆ ಒಂದು ಚಪ್ಪಲಿ ಅಂಗಡಿ ಲಿಂಕು. ಹೊಸಬರ ಕಾಮೆಂಟ್ ಅನುಮತಿಗೆ ಕಾಯ್ತಾ ಇರತ್ತೆ. ಮೇಷ್ಟ್ರು ಈಗ ಎಡಿಟರ್, ಅನುಮತಿ ಕೊಡೋ ಅಧಿಕಾರ ಇದೆ. ಕೊಟ್ರು. ಕೊಟ್ಟು, ಕೆಳಗೆ ಎರಡು ಪ್ಯಾರಾ ಉತ್ತರನೂ ಬರೆದ್ರು, ತಮಗೆ ಕನ್ನಡ ಓದೋಕೆ ಬರತ್ತೆ ಅಂತ ತಿಳಿದು ಸಂತೋಷವಾಯ್ತು ಅಂತ.

ಒಂದು ಸಲ ಅನುಮತಿ ಸಿಕ್ಕಿರೋ ಹೆಸರು, ಇಮೇಲಿಂದ ಮತ್ತೆ ಕಾಮೆಂಟ್ ಬಂದ್ರೆ ವರ್ಡ್‌ಪ್ರೆಸ್ ಯಾರನ್ನೂ ಕೇಳಲ್ಲ, ಹಳೇ ಪರಿಚಯ ಅಂತ ಒಳಗೆ ಬಿಟ್ಕೊಳತ್ತೆ. ಬೆಳಗ್ಗೆ ನೋಡಿದ್ರೆ ಅದೇ ಮನುಷ್ಯ ಎಲ್ಲಾ ಪೇಜಲ್ಲೂ ಇದ್ದ. ‘ನಮ್ಮ ಬಗ್ಗೆ’ ಅನ್ನೋ ಖಾಲಿ ಪೇಜನ್ನೂ ಬಿಟ್ಟಿರ್ಲಿಲ್ಲ, ತುಂಬಾ ಆಳವಾಗಿದೆ ಅಂತ ಬರೆದಿದ್ದ.

“ಸ್ಪ್ಯಾಮ್ ಮೇಷ್ಟ್ರೇ, ಅಳಿಸ್ತೀನಿ” ಅಂದ್ಲು ಲಲ್ಲಿ.

“ಅವನು ಚಪ್ಪಲಿ ಮಾರ್ತಾನೆ ಅಂದ್ಮಾತ್ರಕ್ಕೆ ಹಕ್ಕಿ ಮೇಲೆ ಆಸಕ್ತಿ ಇರಬಾರ್ದಾ? ನೀವು ಇಷ್ಟು ಜನ ಇದೀರಲ್ಲ, ನನ್ನ ಲೇಖನ ಪೂರ್ತಿ ಓದಿದೋರು ಯಾರು, ಕೈ ಎತ್ತಿ.”

ಯಾರೂ ಕೈ ಎತ್ತಲಿಲ್ಲ. ಸೀನ ಶೂ ಲೇಸ್ ಕಟ್ಕೊಳೋಕೆ ಬಗ್ಗಿದ. ಲಲ್ಲಿ ಲಿಂಕ್‌ಗಳನ್ನ ಮಾತ್ರ ಕಿತ್ತು ಹಾಕಿ ಮೊದಲನೇ ಕಾಮೆಂಟ್ ಒಂದನ್ನ ಉಳಿಸಿದ್ಲು. ಗುಂಡ ಮಾತ್ರ ಕೌಂಟರ್ ನೋಡ್ತಾ, “ಟ್ರಾಫಿಕ್ ಏರ್ತಿದೆ ಕಣ್ರೋ, ಆ ಸ್ಲೈಡರ್ ವಾಪಸ್ ಹಾಕ್ಬಿಡ್ಲಾ?” ಅಂದ.