ಪದಚರ್ಚೆ: ‘ಸ್ಮೆಲ್ ಟ್ರೈನಿಂಗ್’ ಸೂಚನಾಪತ್ರಕ್ಕೆ ‘ಮೂಸು’ ನಡೆದೀತೇ?

ಪ್ರಶ್ನೆ: ನೆಗಡಿ, ಕೋವಿಡ್ ಬಂದುಹೋದ ಮೇಲೆ ವಾಸನೆ ಕಳೆದುಕೊಂಡವರು ಅದನ್ನು ಮರಳಿ ಪಡೆಯಲು ದಿನವೂ ಕೆಲವು ವಾಸನೆಗಳನ್ನು ಮೂಸುವ ಅಭ್ಯಾಸವೇ ‘ಸ್ಮೆಲ್ ಟ್ರೈನಿಂಗ್’. ಅವರಿಗೆ ಕೊಡುವ ಒಂದು ಪುಟದ ಸೂಚನೆ ಬರೆಯಬೇಕಾಗಿದೆ. ‘ಘ್ರಾಣ ತರಬೇತಿ’ ಯಾರಿಗೂ ತಲುಪುವುದಿಲ್ಲ. ‘ಮೂಸಿ’ ಎಂದರೆ ನಾಯಿಯ ನೆನಪಾಗುತ್ತದೆ ಎಂಬ ಆಕ್ಷೇಪ ಬಂದಿದೆ. ‘ಸುವಾಸನೆ ಸೇವಿಸಿ’ ಆಗಬಹುದೇ?

ಉತ್ತರ: ‘ಸೇವಿಸಿ’ ಬೇಡವೇ ಬೇಡ, ಯಾರಾದರೂ ಕುಡಿದಾರು. ‘ಮೂಗಿಗೆ ತೈಲ’ ಎಂದೂ ಬರೆಯಬೇಡಿ. ಆಯುರ್ವೇದದ ನಸ್ಯವೆಂದು ತಿಳಿದು ಹನಿ ಬಿಟ್ಟುಕೊಂಡರೆ ಒಳಪೊರೆ ಸುಡುತ್ತದೆ. ‘ಉಸಿರೆಳೆದುಕೊಳ್ಳಿ’ ಎಂದರೆ ಪ್ರಾಣಾಯಾಮದಂತೆ ಎದೆ ತುಂಬ ಎಳೆಯುತ್ತಾರೆ. ಬೇಕಾದದ್ದು ಮೆಲ್ಲಗೆ, ಚಿಕ್ಕಚಿಕ್ಕದಾಗಿ ಮೂಸುವುದು. ನಾಯಿಯ ನೆನಪಾದರೆ ಆಗಲಿ, ಆ ಕೆಲಸದಲ್ಲಿ ಅದೇ ಗಟ್ಟಿಗ. ತಲೆಬರಹಕ್ಕೆ ‘ವಾಸನೆ ಅಭ್ಯಾಸ’ ಸಾಕು.

ಅಭ್ಯಾಸದ ಕ್ರಮ ಇದು: ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಥಾಮಸ್ ಹುಮೆಲ್ ತಂಡ 2009ರಲ್ಲಿ ಪ್ರಕಟಿಸಿದ್ದು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ. ದಿನಕ್ಕೆ ಎರಡು ಹೊತ್ತು, ಒಂದೊಂದನ್ನೂ ಸುಮಾರು 10 ಸೆಕೆಂಡು, 12 ವಾರ. ಕಂದು ಶೀಶೆಯೊಳಗೆ ಹತ್ತಿ, ಅದರ ಮೇಲೆ ಕೆಲವು ಹನಿ ಎಣ್ಣೆ, ಬಿಗಿ ಮುಚ್ಚಳ. ಗುಲಾಬಿಗೆ ‘ಪನ್ನೀರು’ ಎಂದು ಬರೆದರೆ ಅಂಗಡಿಯ ತೆಳು ನೀರು ತರುತ್ತಾರೆ. ‘ಗುಲಾಬಿ ಎಣ್ಣೆ’ ಎನ್ನಿ. ನಿಂಬೆ ಎಣ್ಣೆ ಬೇಗ ಹಳಸುತ್ತದೆ, ಅದನ್ನು ಆಗಾಗ ಬದಲಿಸಲು ಹೇಳಿ.

ನಿಜವಾದ ತೊಡಕು, ಅವರು ದಿನವೂ ತುಂಬುವ ಪಟ್ಟಿಯಲ್ಲಿ ‘ವಾಸನೆ ಬಂತೇ?’ ಎಂದು ಕೇಳುವುದರಲ್ಲಿದೆ. ನೀಲಗಿರಿ ಶೀಶೆ ತೆರೆದ ಕೂಡಲೇ ಏನೂ ವಾಸನೆ ತಿಳಿಯದವರೂ ‘ಬಂತು’ ಎನ್ನುತ್ತಾರೆ. ಬಂದದ್ದು ಘಾಟು. ಮೂಗಿನ ತಂಪು, ಉರಿ, ಕಣ್ಣಲ್ಲಿ ನೀರು ಇವೆಲ್ಲ ಮುಖದ ಸ್ಪರ್ಶ, ನೋವು ತಿಳಿಸುವ ಟ್ರೈಜೆಮಿನಲ್ ನರದ ಕೆಲಸ. ವಾಸನೆಯ ನರ ಸುಮ್ಮನಾದರೂ ಅದು ದುಡಿಯುತ್ತಿರುತ್ತದೆ. ಒಗ್ಗರಣೆಯಲ್ಲಿ ಮೆಣಸಿನಕಾಯಿ ಸೀದರೆ ಮೂಗು ಸತ್ತವರಿಗೂ ಸೀನು, ಕಣ್ಣೀರು ಬರುವುದು ಇದರಿಂದಲೇ. ಆದ್ದರಿಂದ ದಿನಚರಿ ಪಟ್ಟಿಯಲ್ಲಿ ಎರಡು ಕಂಬಸಾಲು ಇಡಿ: ‘ಘಾಟು ಹತ್ತಿತೇ?’, ‘ವಾಸನೆ ಗೊತ್ತಾಯಿತೇ?’ ಗುಲಾಬಿಯ ಮುಖ್ಯ ಗಂಧವಸ್ತುಗಳಲ್ಲಿ ಒಂದಾದ ಫಿನೈಲ್ ಈಥೈಲ್ ಆಲ್ಕೋಹಾಲ್‌ನಲ್ಲಿ ಘಾಟು ಇಲ್ಲವೆನ್ನುವಷ್ಟು ಕಡಿಮೆ. ಚೇತರಿಕೆ ನೋಡುವವರು ಮೊದಲು ಗುಲಾಬಿಯ ಸಾಲನ್ನೇ ನೋಡಲಿ.

‘ಪರಿಮಳ ಹೇಗಿದೆ?’ ಎಂದೂ ಕೇಳಬೇಡಿ. ಪ್ಯಾರೋಸ್ಮಿಯಾ, ಅಂದರೆ ವಾಸನೆ ತಿರುಚಿ ತಿಳಿಯುವ ತೊಂದರೆ, ಇದ್ದವರಿಗೆ ಕಾಫಿ, ಈರುಳ್ಳಿ, ಬೆಳ್ಳುಳ್ಳಿ ಸುಟ್ಟದ್ದರಂತೆಯೋ ಕೊಳೆತದ್ದರಂತೆಯೋ ನಾರುತ್ತವೆ. ಅವರು ‘ಪರಿಮಳವಿಲ್ಲ’ ಎಂದು ಬರೆದರೆ ಏನೂ ತಿಳಿಯಲಿಲ್ಲವೆಂದೇ ಓದಿಕೊಳ್ಳುತ್ತೀರಿ. ‘ವಾಸನೆ ಕೆಟ್ಟಿದೆಯೇ’ ಎಂಬುದಕ್ಕೂ ಎರಡರ್ಥ. ‘ಮೊದಲಿನಂತಿಲ್ಲದೆ ಬೇರೆ ಥರ ಬರುತ್ತಿದೆಯೇ?’ ಎಂದು ಬಿಡಿಸಿ ಕೇಳಿ.