ಓದು ನಿಧಾನ, ಕೈ ತಡವರಿಸುತ್ತದೆ, ಬಣ್ಣ ಮಾತ್ರ ಚೆನ್ನಾಗಿ ಗೊತ್ತು: ಮಗಳನ್ನು ಗುರುಗಳ ಬಳಿ ಬಿಡುವ ಮೊದಲು ನಿಮ್ಮ ಅನುಭವ ಹೇಳಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮನೆ. ಮಗಳು ಪ್ಲಸ್ ವನ್ (ಹನ್ನೊಂದನೇ ತರಗತಿ), ಹತ್ತರವರೆಗೂ ಕನ್ನಡ ಮಾಧ್ಯಮ. ಡಿಸ್ಲೆಕ್ಸಿಯಾ (ಓದು ಬರಹದ ತೊಡಕು), ಡಿಸ್‌ಪ್ರಾಕ್ಸಿಯಾ (ಕೈಕಾಲಿನ ಚಲನೆ ಹೊಂದಿಸುವ ತೊಡಕು) ಎರಡೂ ಉಂಟೆಂದು ವರದಿ ಬಂದಿದೆ. ಒಂದು ಪುಟ ಓದುವಷ್ಟರಲ್ಲಿ ಬಸವಳಿಯುತ್ತಾಳೆ. ಗುಂಡಿ ಹಾಕುವುದು, ಕತ್ತರಿ ಹಿಡಿಯುವುದು ಈಗಲೂ ಕಷ್ಟ. ಆದರೆ ಯಕ್ಷಗಾನದ ಆಟ ನೋಡಿ ಬಂದರೆ ಮರುದಿನವೇ ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖವರ್ಣಿಕೆಯನ್ನು ಕಾಗದದಲ್ಲಿ ಬಿಡಿಸುತ್ತಾಳೆ, ತನ್ನದೇ ವಿನ್ಯಾಸವನ್ನೂ ಸೇರಿಸುತ್ತಾಳೆ. ಗೆರೆ ಸೊಟ್ಟಗಿರಬಹುದು, ಬಣ್ಣದ ಹೊಂದಾಣಿಕೆ ತಪ್ಪುವುದಿಲ್ಲ. ಊರಿನ ಪ್ರಸಾಧನ ಕಲಾವಿದರೊಬ್ಬರು "ಭಾನುವಾರ ಕಳುಹಿಸಿ, ನಾನು ನೋಡಿಕೊಳ್ಳುತ್ತೇನೆ" ಎಂದಿದ್ದಾರೆ. ಅವರಿಗೆ ಏನೇನು ಹೇಳಿಡಬೇಕು? ಮೊದಲು ಮಾರ್ಕು ಬರಲಿ, ಬಣ್ಣ ಆಮೇಲೆ ಎನ್ನುತ್ತಾರೆ ಮನೆಯ ಹಿರಿಯರು.

ನಿವೃತ್ತ ಚಿತ್ರಕಲಾ ಅಧ್ಯಾಪಕರು, ಕುಂಬಳೆ:

ಕಳುಹಿಸಿಯಮ್ಮಾ, ಮಾರ್ಕಿಗೆ ಕಾಯಬೇಡಿ. ವಾರವಿಡೀ ತನಗೆ ಬಾರದ್ದನ್ನೇ ಮಾಡುವ ಹುಡುಗಿಗೆ, ಬರುವುದನ್ನು ಮಾಡಲು ಇರುವುದು ಅದೊಂದೇ ಜಾಗ. ಅದನ್ನೂ ಕಿತ್ತುಕೊಂಡರೆ ಮಾರ್ಕು ಹೆಚ್ಚಾಗುವುದಿಲ್ಲ, ಹುಡುಗಿ ಮಂಕಾಗುತ್ತಾಳೆ ಅಷ್ಟೆ. ಇಂಥ ಮಕ್ಕಳನ್ನು ಹತ್ತಿರದಿಂದ ನೋಡಿದವನಾಗಿ ಹೇಳುತ್ತಿದ್ದೇನೆ.

ಕಲಾವಿದರಿಗೆ ಮುಖ್ಯವಾಗಿ ತಿಳಿಯಬೇಕಾದ್ದು ಇದು: ಡಿಸ್‌ಪ್ರಾಕ್ಸಿಯಾ ಇದ್ದವರಿಗೆ ಏನು ಮಾಡಬೇಕೆಂದು ಗೊತ್ತಿರುತ್ತದೆ, ಆದರೆ ಆ ಚಲನೆಗಳನ್ನು ಕ್ರಮವಾಗಿ ಜೋಡಿಸಿ ಕೈಯಿಂದ ಮಾಡಿಸುವುದು ತಾನಾಗಿ ಆಗುವುದಿಲ್ಲ. ಪ್ರತಿ ಹೆಜ್ಜೆಯನ್ನೂ ಯೋಚಿಸಿ ಇಡಬೇಕು. ಕಳೆದ ವಾರ ಚೆನ್ನಾಗಿ ಬಂದದ್ದು ಈ ವಾರ ಬಾರದೆ ಇರಬಹುದು. ಅದು ಉದಾಸೀನವಲ್ಲ. "ಮೊನ್ನೆ ಮಾಡಿದ್ದೀಯಲ್ಲ, ಇವತ್ತೇನಾಯ್ತು?" ಎಂಬ ಒಂದು ಮಾತು ಸಾಕು, ಮುಂದಿನ ಭಾನುವಾರ ಅವಳು ಹೊರಡಲಿಕ್ಕಿಲ್ಲ.

ಎದುರು ಕೂತು ತೋರಿಸಬಾರದು. ಎದುರಿನವರ ಬಲಗೈ ನಮ್ಮ ಎಡಕ್ಕೆ ಬರುತ್ತದಲ್ಲ, ಅದನ್ನು ಮನಸ್ಸಿನಲ್ಲೇ ತಿರುಗಿಸಿಕೊಳ್ಳುವುದರಲ್ಲೇ ಇವರಿಗೆ ಸುಸ್ತಾಗುತ್ತದೆ. ಪಕ್ಕದಲ್ಲಿ, ಅವಳು ನೋಡುವ ದಿಕ್ಕಿಗೇ ಮುಖಮಾಡಿ ಕೂತು ಮಾಡಿ ತೋರಿಸಲಿ. ಒಂದು ಸಲಕ್ಕೆ ಒಂದೇ ಮಾತು. "ಬಣ್ಣ ಕಲಸು, ಕನ್ನಡಿ ತಾ, ದೀಪ ಹತ್ತಿರ ಇಡು" ಎಂದು ಒಟ್ಟಿಗೆ ಹೇಳಿದರೆ ಮೂರೂ ಕೈತಪ್ಪುತ್ತವೆ.

ಚುಟ್ಟಿಯನ್ನೇ ತೆಗೆದುಕೊಳ್ಳಿ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಸಾಲುಸಾಲಾಗಿ ಇಡುತ್ತಾ ಹೋಗುವ ಕೆಲಸ ಅದು. ನುರಿತ ಕೈಗೇ ತಾಳ್ಮೆ ಬೇಕು. ಮೊದಲು ಮಣ್ಣಿನ ಮಡಕೆಯ ಹೊರಮೈ ಮೇಲೆ ಇಡಲಿ. ಮೊಣಕೈಗೆ ಆಧಾರವಾಗಿ ಮೇಜು ಬೇಕು. ಹಿಟ್ಟಿನ ಪಾತ್ರೆ ಅಗಲ ತಳದ್ದಾಗಿರಲಿ, ಜಾರದಂತೆ ಕೆಳಗೆ ಒದ್ದೆ ಬಟ್ಟೆ ಹಾಸಿರಲಿ. ಚುಟ್ಟಿ ಬರುವಲ್ಲೆಲ್ಲ ಗುರುಗಳು ಮೊದಲೇ ಸಣ್ಣ ಗುರುತು ಹಾಕಿಕೊಡಲಿ, ಕ್ರಮೇಣ ಗುರುತುಗಳನ್ನು ಕಡಿಮೆ ಮಾಡುತ್ತಾ ಬರಲಿ. ಇಷ್ಟಾಗಿಯೂ ಕೈ ಒಗ್ಗದಿದ್ದರೆ ವಿನ್ಯಾಸ ಅವಳದು, ಇಡುವ ಕೈ ಇನ್ನೊಬ್ಬರದು. ಅದರಲ್ಲಿ ಕಡಿಮೆ ಏನೂ ಇಲ್ಲ. ವೇಷ ಕಟ್ಟುವ ಚೌಕಿಯಲ್ಲಿ ಒಬ್ಬನೇ ಎಲ್ಲ ಮಾಡುವುದುಂಟೇ?

ಗೆಜ್ಜೆಯಿಂದ ಹಿಡಿದು ದಗಲೆ (ವೇಷದ ಅಂಗಿ), ಎದೆಕಟ್ಟು, ಭುಜಕೀರ್ತಿ, ಕಿರೀಟದವರೆಗೆ ಯಾವುದರ ನಂತರ ಯಾವುದು ಎಂಬುದನ್ನು ಗುರುಗಳು ಕಟ್ಟುವ ಕ್ರಮದಲ್ಲೇ ಫೋಟೋ ತೆಗೆದು ಗೋಡೆಗೆ ಅಂಟಿಸಿಕೊಳ್ಳಲಿ. ಬರಹ ಬೇಡ, ಚಿತ್ರ ಮಾತ್ರ. ಹಾಗೆಯೇ ಪ್ರಸಂಗ ಪುಸ್ತಕ ಕೊಟ್ಟು "ಓದಿಯೂ ಅಭ್ಯಾಸ ಆಗಲಿ" ಎನ್ನುವುದು ಬೇಡವೇ ಬೇಡ. ಪದ್ಯ, ಕಥೆ ಕಿವಿಯಿಂದ ಬರಲಿ. ಭಾನುವಾರ ಟ್ಯೂಷನ್ ಆಗಬಾರದು.

ವಿಶೇಷ ಶಿಕ್ಷಕಿ, ಮಂಜೇಶ್ವರ ಕಡೆ:

ಶಾಲೆಯ ವಿಷಯ ಬೇರೆ ಇಟ್ಟುಕೊಳ್ಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಡಿಸ್ಲೆಕ್ಸಿಯಾ, ಡಿಸ್‌ಪ್ರಾಕ್ಸಿಯಾ ಎರಡನ್ನೂ ಹೆಸರಿಸಿಯೇ ಹೇಳುತ್ತದೆ. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆದುಕೊಡುವವರ ಸಹಾಯ ಕೇಳಲು ಪ್ರಮಾಣಪತ್ರ ಬೇಕು. ಪ್ಲಸ್ ಟು ಪರೀಕ್ಷೆ ಹತ್ತಿರ ಬಂದ ಮೇಲೆ ಓಡಾಡಬೇಡಿ, ಈಗಲೇ ಶಾಲೆಯಲ್ಲೂ ಬಿಆರ್‌ಸಿಯಲ್ಲೂ (ಬ್ಲಾಕ್ ಸಂಪನ್ಮೂಲ ಕೇಂದ್ರ) ಮಾತಾಡಿ.

ವರದಿ ಯಾವ ಭಾಷೆಯ ಓದನ್ನು ಪರೀಕ್ಷಿಸಿ ಬರೆದದ್ದೆಂದು ನೋಡಿದ್ದೀರಾ? ನಮ್ಮ ಮಕ್ಕಳಿಗೆ ಕನ್ನಡ, ಮಲೆಯಾಳ, ಹಿಂದಿ, ಇಂಗ್ಲಿಷ್ ಎಂದು ನಾಲ್ಕು ಲಿಪಿ. ಕನ್ನಡದ ಒತ್ತಕ್ಷರ ಕೆಳಗೆ ಇಳಿಯುತ್ತದೆ. ಮಲೆಯಾಳದಲ್ಲಿ ಎಕಾರದ ಗುರುತು ಅಕ್ಷರದ ಎಡಗಡೆ ಇರುತ್ತದೆ, ಉಚ್ಚಾರ ಮಾತ್ರ ಅಕ್ಷರದ ನಂತರ. ಕನ್ನಡದಲ್ಲಿ ಕಲಿತವಳನ್ನು ಕನ್ನಡದಲ್ಲೇ ಪರೀಕ್ಷಿಸಿರಬೇಕು. ಅನುಮಾನವಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ವಿಚಾರಿಸಿ. ಕೈಯ ತೊಂದರೆಗೆ ಆಕ್ಯುಪೇಷನಲ್ ಥೆರಪಿಯವರನ್ನು ಕಾಣಬೇಕು. ಯಾರಾದರೂ ಬಡ್ಸ್ ಶಾಲೆ ಎಂದರೆ ಕೇಳಬೇಡಿ. ಅದು ಬುದ್ಧಿ ಬೆಳವಣಿಗೆಯ ತೊಂದರೆ ಇರುವ ಮಕ್ಕಳಿಗೆ, ಇವಳ ಅಗತ್ಯ ಅದಲ್ಲ.

ವಿನ್ಯಾಸಕಾರ, ಉಪ್ಪಳದವನು, ಈಗ ಮಂಗಳೂರಿನಲ್ಲಿ ಕೆಲಸ:

ನನಗೂ ಇವೆರಡೂ ಉಂಟು ಅಕ್ಕಾ. ಗುರುಗಳಿಗೆ ಏನು ಹೇಳಬೇಕೆಂದು ನಮ್ಮನ್ನು ಕೇಳುವ ಮೊದಲು ಅವಳನ್ನು ಕೇಳಿ. ತನ್ನ ವಿಷಯ ಎಷ್ಟು ಹೇಳಬೇಕು, ಯಾರೆದುರು ಹೇಳಬೇಕು ಎಂಬುದನ್ನು ಅವಳೇ ತೀರ್ಮಾನಿಸಲಿ. ನಾನು ಒಳಗೆ ಬರುವ ಮೊದಲೇ ನನ್ನ ಕಥೆಯನ್ನೆಲ್ಲ ಹೇಳಿಟ್ಟ ಮನೆಗಳಿಗೆ ಹೋಗುವುದೆಂದರೆ ನನಗೆ ಹಿಂಸೆಯಾಗುತ್ತಿತ್ತು.

ನನ್ನ ಮಾರ್ಗದರ್ಶಕರು ಪ್ರತಿ ಸಲ ಕೇಳುತ್ತಿದ್ದದ್ದು "ಎಲ್ಲಿ ಸಿಕ್ಕಿಕೊಂಡಿದ್ದೀ?" ಎಂದು. ಯೋಚನೆಗಳಿಗೆ ಬರಗಾಲ ಇರಲಿಲ್ಲ. ಶುರುಮಾಡಿದ್ದನ್ನು ಮುಗಿಸುವುದು, ಎಲ್ಲಿಟ್ಟೆ ಎಂದು ನೆನಪಿಡುವುದು, ಹೇಳಿದ ಹೊತ್ತಿಗೆ ಹೋಗುವುದು, ಇವೇ ಕಷ್ಟ. ಅವರು ಅದಕ್ಕೇ ಕೈ ಜೋಡಿಸಿದರು. ಸಂದೇಶವೆಲ್ಲ ಧ್ವನಿಯಲ್ಲೇ ಕಳುಹಿಸುತ್ತಿದ್ದರು, ನಾನು ಫೋನಿನಲ್ಲಿ ಕನ್ನಡದಲ್ಲೇ ಮಾತಾಡಿ ಟೈಪ್ ಮಾಡಿಸುತ್ತಿದ್ದೆ. ಕಾಗುಣಿತ ತಿದ್ದುತ್ತಾ ಕೂತವರಲ್ಲ. ಮಗಳು ಬಿಡಿಸಿದ್ದೆಲ್ಲ ಫೋಟೋ ತೆಗೆದು ತಿಂಗಳವಾರು ಒಂದು ಕಡೆ ಇಡಿ. ಮುಂದೆ ಕಲಾ ಕಾಲೇಜಿಗೋ ಕೆಲಸಕ್ಕೋ ಹೋಗುವಾಗ ಅಂಕಪಟ್ಟಿಯ ಜೊತೆ ತೋರಿಸಲು ಅದು ಬೇಕಾಗುತ್ತದೆ.

ಒಬ್ಬ ತಾಯಿ, ಮುಳ್ಳೇರಿಯ:

ರಾತ್ರಿಯ ಚೌಕಿಗೆ ಈಗಲೇ ಬೇಡ. ಚೆಂಡೆಯ ಸದ್ದು, ಗಡಿಬಿಡಿ, ನಿದ್ದೆಗೇಡು ಎಲ್ಲ ಸೇರಿದರೆ ನನ್ನ ಮಗನಿಗೆ ಕೈಯೇ ಓಡುವುದಿಲ್ಲ. ಮೊದಲು ಹಗಲಿನಲ್ಲಿ ಗುರುಗಳ ಮನೆಯಲ್ಲಿ, ಮನೆಮಂದಿ ಇರುವಾಗ. ಆಮೇಲೆ ಹತ್ತಿರದಲ್ಲಿ ಕೆಲವೇ ಗಂಟೆಯಲ್ಲಿ ಮುಗಿಯುವ ಕಾಲಮಿತಿ ಆಟ ಇದ್ದರೆ ನೀವೂ ಜೊತೆಗೆ ಹೋಗಿ, ಒಂದೇ ವೇಷದ ಕೆಲಸ ಕೊಡಲು ಹೇಳಿ. ಗುರುಗಳಿಗೆ ಏನು ಕೊಡಬೇಕೆಂಬುದನ್ನೂ ಶುರುವಿನಲ್ಲೇ ಮಾತಾಡಿಬಿಡಿ.